ಬಸುರಿ ಇರುವ ಮನೆಯಲ್ಲಿ ಮದ್ದು ಬಿಡುವಾಗ
ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವ (ಔಷಧಿ ಸಿಂಪಡಿಸುವ) ದಿನ ಬಸುರಿಯನ್ನು ತೋಟದ ಕಡೆ ಕಳಿಸಬೇಡಿ. ಮದ್ದು ಬಿಟ್ಟವರು ಹೊರಗೇ ಸ್ನಾನ ಮಾಡಿ ಒಳಗೆ ಬರಲಿ, ಆ ಬಟ್ಟೆಯನ್ನು ಅವರೇ ಬೇರೆಯಾಗಿ ಒಗೆಯಲಿ, ಮಗುವಿನ ಬಟ್ಟೆಯ ಜೊತೆ ಸೇರಿಸಲೇಬಾರದು. ಖಾಲಿ ಡಬ್ಬಿಯಲ್ಲಿ ನೀರು ತುಂಬಿಡುವ ಚಾಳಿಯೂ ಬೇಡ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದನ್ನು ಕಂಡ ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಹೊಟ್ಟೆಯಲ್ಲಿ ಮಿದುಳು ಬೆಳೆಯುವಾಗ ತಾಗಿದ ವಿಷ ದೊಡ್ಡವರಾದ ಮೇಲೂ ಕಾಡಬಹುದು.

ಬಚ್ಚಲೊಲೆಯ ಹೊಗೆ, ಬೀಡಿ ಹೊಗೆಯೂ ದೂರ ಇರಲಿ. ಮಗುವಿನ ತೂಕ ಇಳಿಯುತ್ತದೆ.

24ರಿಂದ 28ನೇ ವಾರದೊಳಗೆ ಸಕ್ಕರೆ ಪರೀಕ್ಷೆ ಮಾಡಿಸಿ. ಸಕ್ಕರೆ ಜಾಸ್ತಿ ಇದ್ದರೆ ಹೆರಿಗೆಯಾಗಿ 6ರಿಂದ 12 ವಾರದೊಳಗೆ ಮತ್ತೆ ನೋಡಿಸಿ. ಬಾಣಂತನದ ಗಡಿಬಿಡಿಯಲ್ಲಿ ಇದು ಮರೆತೇಹೋಗುತ್ತದೆ, ಆದರೆ ಮುಂದೆ ಡಯಾಬಿಟಿಸ್ ಬರುವ ಸಾಧ್ಯತೆ ಅಂಥ ತಾಯಂದಿರಿಗೇ ಜಾಸ್ತಿ.