ಅಮ್ಮನ ಮಂಡಿ ಮತ್ತು ಆಣೆ ಲೆಕ್ಕ

"ಎರಡೂ ಮಂಡಿ ಒಟ್ಟಿಗೆ ಮಾಡಿಸಿಬಿಡಿ, ಒಂದೇ ಸಲಕ್ಕೆ ಮುಗಿಯುತ್ತೆ" ಎಂದು ಮೊದಲು ನೋಡಿದ ಸರ್ಜನ್ ಹೇಳಿದ್ದರು. ನಮ್ಮಣ್ಣನೂ ಅದನ್ನೇ ಹೇಳಿದ. ನಾನು ಗೋಡೆ ಕ್ಯಾಲೆಂಡರಿನಲ್ಲಿ ಅಮ್ಮನ ನೋವು ಬರೆದಿಡಲು ಶುರು ಮಾಡಿದಾಗ, "ಡಾಕ್ಟರಿಗೇ ಪಾಠ ಹೇಳೋಕೆ ಹೊರಟೆಯೇನೇ?" ಎಂದು ನಕ್ಕ. ಈಗ ಸವೆದ ಮಂಡಿ ಬದಲಿಸುವ ಆಪರೇಷನ್ ಆಗಿ ಹದಿನಾಲ್ಕು ತಿಂಗಳಾಯಿತು. ಮಾಡಿಸಿದ್ದು ಬಲಗಾಲಿಗೆ ಮಾತ್ರ. ಅಮ್ಮ ದಿನಾ ತೋಟಕ್ಕೆ ಹೋಗಿ ಬರುತ್ತಾಳೆ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮಂಡಿ ಸವೆತ ಅಂದರೇನು ಅಂತ ಇಲ್ಲಿ ವಿವರಿಸುವುದಿಲ್ಲ. ಮನೆಯಲ್ಲಿ ವಯಸ್ಸಾದವರು ಇರುವವರಿಗೆಲ್ಲ ಅದು ಗೊತ್ತು. ಸರ್ಜನ್ ಹತ್ತಿರ ಹೋಗುವ ಮೊದಲೇ ನಾವು ಎಷ್ಟು ದುಡ್ಡು ಕಳೆದೆವು ಅನ್ನುವುದನ್ನು ಹೇಳುತ್ತೇನೆ. ಮಂಡಿಗೆ ಜೆಲ್ ಇಂಜೆಕ್ಷನ್ ಮೂರು ಸಲ, ಸುಮಾರು 30 ಸಾವಿರ. ಎಣ್ಣೆ, ಲೇಪ, ಪುಡಿ ಎಲ್ಲ ಸೇರಿ 15 ಸಾವಿರದ ಹತ್ತಿರ. ಮಂಡಿಗೆ ಹಾಕುವ ಬೆಲ್ಟು ಎರಡು, ಒಂದನ್ನು ಅಮ್ಮ ಹಾಕಲೇ ಇಲ್ಲ. ಜೆಲ್‌ನಿಂದ ಮೊದಲ ತಿಂಗಳು ಹಾಯೆನಿಸಿತು. ಆಮೇಲೆ ಮತ್ತೆ ಅದೇ ಕಥೆ.

ತುಮಕೂರಿನಲ್ಲಿ ಮೊದಲ ಸಲ ತೋರಿಸಿದ್ದು ಪೂರ್ತಿ ದಂಡ ಆಯಿತು. ತಪ್ಪು ನಮ್ಮದೇ. ತಿಪಟೂರಿನಿಂದ ಬಸ್ಸಿನಲ್ಲಿ ಹೋಗಬೇಕಲ್ಲ, ದಾರಿಯಲ್ಲಿ ಯಾರಿಗೂ ತೊಂದರೆ ಆಗಬಾರದು ಅಂತ ಅಮ್ಮ ಬೆಳಿಗ್ಗೆಯೇ ನೋವಿನ ಮಾತ್ರೆ ನುಂಗಿದ್ದಳು. ಡಾಕ್ಟರ ಮುಂದೆ ನೆಟ್ಟಗೆ ನಡೆದಳು. "ಹೇಗಿದೀರಮ್ಮ?" ಅಂದರೆ "ಪರವಾಗಿಲ್ಲ ಡಾಕ್ಟ್ರೇ" ಅಂದಳು! ರಾತ್ರಿ ಮೂರು ಸಲ ಎದ್ದು ಕೂರುವವಳು ಅವಳೇ. ನಾವು ಒಯ್ದಿದ್ದ ಎಕ್ಸ್‌ರೇ ಮಲಗಿಸಿ ತೆಗೆದದ್ದು. ಅದರಲ್ಲಿ ಮೂಳೆಗಳ ನಡುವೆ ಸಂದು ಚೆನ್ನಾಗಿಯೇ ಕಾಣುತ್ತದೆ. ಅಲ್ಲಿ ಮತ್ತೆ ನಿಲ್ಲಿಸಿ ತೆಗೆದಾಗ, ಮೈ ಭಾರ ಬಿದ್ದಾಗ, ಬಲಗಾಲಿನ ಒಳಬದಿಯಲ್ಲಿ ಮೂಳೆಗೆ ಮೂಳೆ ತಾಗಿದ್ದು ಕಂಡಿತು. ಎಡಗಾಲಿನಲ್ಲೂ ಸಂದು ಕಡಿಮೆ ಆಗಿತ್ತು. ಫಿಲ್ಮ್ ನೋಡಿ ಅವರು ಎರಡೂ ಮಂಡಿ ಅಂದರು. ಐದು ನಿಮಿಷವೂ ಆಗಿರಲಿಲ್ಲ. ಇನ್ನೂ ತೋರಿಸದವರು ಮೊದಲೇ ನಿಂತು ತೆಗೆದ ಎಕ್ಸ್‌ರೇ ಒಯ್ಯಿರಿ, ಎರಡೆರಡು ಸಲ ದುಡ್ಡು ಕಟ್ಟಬೇಡಿ.

ಮನೆಗೆ ಬಂದು ಕ್ಯಾಲೆಂಡರ್ ಶುರು ಮಾಡಿದೆ. ಹತ್ತಕ್ಕೆ ಎಷ್ಟು ನೋವು ಅಂತ ಕೇಳಿದರೆ ಅಮ್ಮನಿಗೆ ಹೇಳಲು ಬರುತ್ತಿರಲಿಲ್ಲ, ದಿನಾ ಐದು ಅನ್ನುತ್ತಿದ್ದಳು. ಒಂದು ವಾರ ಹಾಗೇ ಹೋಯಿತು. ಒಂದು ಸಂಜೆ ಅವಳೇ "ಇವತ್ತು ಬಲಗಾಲು ಹನ್ನೆರಡಾಣೆ ಕಣೇ, ಎಡಗಾಲು ಆರಾಣೆ" ಅಂದಳು. ಅಲ್ಲಿಂದ ಆಣೆ ಲೆಕ್ಕ, ಹಳೇ ಕಾಲದಲ್ಲಿ ರೂಪಾಯಿಗೆ ಹದಿನಾರಾಣೆ ಇತ್ತಲ್ಲ, ಹಾಗೆ. ಹದಿನಾರಾಣೆ ಅಂದರೆ ಏಳಲಿಕ್ಕೇ ಆಗದ ನೋವು. ಬಲಕ್ಕೊಂದು ಅಂಕಿ, ಎಡಕ್ಕೊಂದು ಅಂಕಿ, ಎಷ್ಟು ಮಾತ್ರೆ, ರಾತ್ರಿ ಎಷ್ಟು ಸಲ ಎಚ್ಚರ. ಎಂಟು ವಾರ ಬಿಡದೆ ಬರೆದೆವು. ಜೊತೆಗೆ ಮೊಬೈಲಿನಲ್ಲಿ ಎರಡು ಸಣ್ಣ ವಿಡಿಯೋ: ಮಂಚದಿಂದ ಏಳುವುದು, ಹಿತ್ತಲಿನ ಮೂರು ಮೆಟ್ಟಿಲು ಇಳಿಯುವುದು.

ಈ ಮಧ್ಯೆ ಒಂದೆರಡು ಪ್ರಯೋಗವನ್ನೂ ಮಾಡಿದೆ. ಎರಡು ವಾರ ಒಂದು ಕಾಲಿಗೆ ನೀಲಗಿರಿ ಎಣ್ಣೆ, ಇನ್ನೊಂದಕ್ಕೆ ಬರೀ ಬಿಸಿನೀರಿನ ಚೀಲ. ಆಮೇಲೆ ಅದಲು ಬದಲು. ಒಂದಾಣೆಯೂ ವ್ಯತ್ಯಾಸ ಇಲ್ಲ. ಆದರೆ ಮಂಡಿ ಕೆಳಗೆ ಟವೆಲ್ ಸುತ್ತಿಟ್ಟು ಒತ್ತಿ ಹಿಡಿಯುವ ವ್ಯಾಯಾಮ ಇದೆಯಲ್ಲ, ಅದು ಎಡಗಾಲನ್ನು ಆರರಿಂದ ನಾಲ್ಕಾಣೆಗೆ ಇಳಿಸಿತು. ಬಲಗಾಲಿಗೆ ಏನೂ ಆಗಲಿಲ್ಲ. ಕೋಲನ್ನೂ ಅಮ್ಮ ನೋಯುವ ಕಾಲಿನ ಕಡೆಯ ಕೈಯಲ್ಲೇ ಹಿಡಿಯುತ್ತಿದ್ದಳು. ಎದುರು ಕೈಯಲ್ಲಿ ಹಿಡಿಯಬೇಕು. ಅದನ್ನು ಬದಲಿಸಿದ ದಿನವೇ ಹೆಜ್ಜೆ ಹಗುರಾಯಿತು.

ಎರಡನೆಯದಾಗಿ ತೋರಿಸಿದ ಬೆಂಗಳೂರಿನ ಸರ್ಜನ್ ಕ್ಯಾಲೆಂಡರ್ ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದರು. ವಿಡಿಯೋ ಎರಡು ಸಲ ನೋಡಿದರು. "ಎಡಗಾಲು ನಾಲ್ಕಾಣೆ ಅಂದ್ರೆ ಅದನ್ನ ಯಾಕೆ ಮುಟ್ಟಬೇಕಮ್ಮ? ಬಲಗಾಲು ಮಾಡೋಣ, ಎಡದ್ದು ನೋಡ್ತಾ ಇರೋಣ" ಅಂದರು. ಆ ಹೊತ್ತಿಗೆ ನನಗಾದ ಸಂತೋಷ ಹೇಳತೀರದು. ಅಣ್ಣ ಪಕ್ಕದಲ್ಲೇ ಕೂತಿದ್ದ.

ಆದರೆ ತಾರೀಕು ಕೊಡಲಿಲ್ಲ. ಮೂರು ತಿಂಗಳ ಸಕ್ಕರೆ ಲೆಕ್ಕ, ಅದೇ ಎಚ್‌ಬಿಎ1ಸಿ, 9ರ ಮೇಲಿತ್ತು. ಎಂಟರ ಕೆಳಗೆ ಬರಲಿ, ಇಲ್ಲದಿದ್ದರೆ ಗಾಯ ಕೀವಾಗುವ ಭಯ ಅಂದರು. ಒಂದು ಹುಳುಕು ಹಲ್ಲನ್ನೂ ಕೀಳಿಸಿ ಬನ್ನಿ ಅಂದರು. ಆ ಸೋಂಕು ರಕ್ತದಲ್ಲಿ ಹೋಗಿ ಹೊಸ ಮಂಡಿಗೆ ಕೂರಬಹುದಂತೆ. ಅದಕ್ಕೇ ಮೂರು ತಿಂಗಳು ಹೋಯಿತು. ರಾತ್ರಿ ಅನ್ನ ಬಿಡಿಸುವುದಂತೂ ದೊಡ್ಡ ಯುದ್ಧ.

ನಿರ್ಧಾರ ಮಾಡಿದ್ದು ಅಮ್ಮನೇ. ಏನೇನು ಮಾಡಬೇಕು ಅಂತ ಆಸೆ ಇದೆ, ಮೂರು ಹೇಳು ಅಂದೆ. ತೋಟಕ್ಕೆ ನಡೆಯಬೇಕು, ರಾತ್ರಿ ನಿದ್ದೆ ಬೇಕು, ಕುಕ್ಕರಗಾಲಲ್ಲಿ ಕೂತು ರಂಗೋಲಿ ಹಾಕಬೇಕು. ಮೊದಲೆರಡು ಆಗಬಹುದು, ಮೂರನೆಯದು ಬೇಡ ಅಂದರು ಡಾಕ್ಟರ್. ಅಮ್ಮ ಎರಡು ದಿನ ಸುಮ್ಮನಿದ್ದಳು. ಮೂರನೇ ದಿನ "ರಂಗೋಲಿ ನೀನು ಹಾಕು, ನಾನು ತೋಟಕ್ಕೆ ಹೋಗ್ತೀನಿ" ಅಂದಳು.

ಇನ್ನು ದುಡ್ಡು. ಮಂಡಿಗೆ ಕೂರಿಸುವ ಇಂಪ್ಲಾಂಟಿಗೆ 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಗರಿಷ್ಠ ಬೆಲೆ ಕಟ್ಟಿತು. ಆಗ ಕೋಬಾಲ್ಟ್ ಕ್ರೋಮಿಯಂನದಕ್ಕೆ 54,720, ಟೈಟೇನಿಯಂನದಕ್ಕೆ 76,600, ಜಿಎಸ್‌ಟಿ ಬೇರೆ. ಆದ್ದರಿಂದ "ಪ್ಯಾಕೇಜ್ ಇಷ್ಟು" ಅಂದರೆ ಒಪ್ಪಬೇಡಿ. ಯಾವ ಕಂಪನಿ, ಯಾವ ಲೋಹ, ಇಂಪ್ಲಾಂಟಿನ ಬೆಲೆ ಎಷ್ಟು, ಬೇರೆಯಾಗಿ ಬರೆದುಕೊಡಿ ಅನ್ನಿ. ಆಪರೇಷನ್ ಆದ ಮೇಲೆ ಅದರ ಸ್ಟಿಕ್ಕರಿನ ಪ್ರತಿ ಕೇಳಿ ಇಟ್ಟುಕೊಳ್ಳಿ. ನಮ್ಮ ಬಿಲ್ಲು ಸುಮಾರು 2 ಲಕ್ಷ 40 ಸಾವಿರ. ನನ್ನ ಕಚೇರಿಯ ಇನ್ಶೂರೆನ್ಸ್ 1 ಲಕ್ಷ 90 ಚಿಲ್ಲರೆ ಕೊಟ್ಟಿತು. ರೂಮಿನ ಬಾಡಿಗೆಗೆ ಪಾಲಿಸಿಯಲ್ಲಿ ಮಿತಿ ಇತ್ತು. ಅದಕ್ಕಿಂತ ದೊಡ್ಡ ರೂಮು ಹಿಡಿದಿದ್ದರೆ ಬಾಡಿಗೆ ಅಷ್ಟೇ ಅಲ್ಲ, ಡಾಕ್ಟರ್ ಫೀಸಿನಿಂದಲೂ ಅದೇ ಲೆಕ್ಕದಲ್ಲಿ ಕಡಿತ ಆಗುತ್ತಿತ್ತು. ಬಿಲ್ಲಿಂಗ್ ಕೌಂಟರಿನಲ್ಲಿ ನಾನು ಏನು ಕೇಳಿ ಇನ್ನೂ ಹನ್ನೆರಡು ಸಾವಿರ ಇಳಿಸಿದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಎಡಗಾಲಿಗೂ ಬೇಕಾಗಬಹುದು.

ಇಬ್ಬರು ಸರ್ಜನ್‌ಗಳಿಗೂ ನಾನು ಕೇಳಿದ ಪ್ರಶ್ನೆಗಳು ಒಂದೇ. ಆಪರೇಷನ್ ಮಾಡಿಸದಿದ್ದರೆ ಒಂದು ವರ್ಷದಲ್ಲಿ ಏನಾಗುತ್ತದೆ? ನೀವೇ ಮಾಡುತ್ತೀರಾ, ಬೇರೆಯವರಾ? ಕೀವಾದರೆ ಮುಂದಿನ ದಾರಿ ಏನು? ಮನೆಗೆ ಹೋದ ಮೇಲೆ ವ್ಯಾಯಾಮ ಮಾಡಿಸುವ ಫಿಸಿಯೋ ಯಾರು? ಕೊನೆಯದಕ್ಕೆ ಮೊದಲನೆಯವರಲ್ಲಿ ಉತ್ತರವೇ ಇರಲಿಲ್ಲ. ನಿಜವಾದ ಕಷ್ಟ ಇರುವುದು ಅಲ್ಲೇ. ಮಾರನೇ ದಿನವೇ ವಾಕರ್ ಹಿಡಿದು ನಡೆಸಿದರು, ಅದು ಸುಲಭ. ಮಂಡಿ ಮಡಚಿಸುವಾಗ ಅಮ್ಮ ಅತ್ತುಬಿಟ್ಟಳು. ತಿಪಟೂರಿನಲ್ಲಿ ಮನೆಗೆ ಬರುವ ಫಿಸಿಯೋ ಹುಡುಗನಿಗೆ ದಿನಕ್ಕೆ 500, ಆರು ವಾರ. ಆ ಖರ್ಚನ್ನು ನಾನು ಮೊದಲು ಲೆಕ್ಕ ಹಾಕಿರಲೇ ಇಲ್ಲ.

ಕ್ಯಾಲೆಂಡರ್ ಇನ್ನೂ ನಡೆಯುತ್ತಿದೆ. ಬಲಗಾಲಿನ ಮನೆ ಬಹಳ ದಿನ ಖಾಲಿ ಇರುತ್ತದೆ. ಮಳೆಗಾಲದಲ್ಲಿ ಎಡಗಾಲು ಐದಾಣೆಗೆ ಏರಿತ್ತು, ಈಗ ಮತ್ತೆ ನಾಲ್ಕು. ಎಂಟಾಣೆ ಎರಡು ವಾರ ನಿಂತರೆ ಬೆಂಗಳೂರಿಗೆ ಫೋನ್ ಮಾಡುವುದು ಅಂತ ನಾನೂ ಅಮ್ಮನೂ ಮಾತಾಡಿಕೊಂಡಿದ್ದೇವೆ. ಹೋದ ವಾರ ಅಣ್ಣ ಅವರತ್ತೆಗೆ ಅಂತ ಒಂದು ಕ್ಯಾಲೆಂಡರ್ ಕೇಳಿಕೊಂಡು ಹೋದ.