ಸೀಮೆಸುಣ್ಣದಲ್ಲಿ ಬರೆದ ಸೊನ್ನೆ

ಬಾಗೇಪಲ್ಲಿ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ವೈದ್ಯಾಧಿಕಾರಿ. ಕಡಲೆಕಾಯಿ ಕೀಳುವ ಕಾಲದಲ್ಲಿ ಒಂದು ದಿನ ಮಾಹಿತಿ ಹಕ್ಕಿನ ಅರ್ಜಿಯೊಂದು ಬಂತು. ಅದರಲ್ಲಿ ಮೂರೇ ಪ್ರಶ್ನೆ. ಹಾವು ಕಚ್ಚಿ ಬಂದವರಿಗೆ ನಿಮ್ಮಲ್ಲಿ ಅನುಸರಿಸುವ ಲಿಖಿತ ಕ್ರಮ ಯಾವುದು? ಆರು ತಿಂಗಳಲ್ಲಿ ಪ್ರತಿವಿಷದ ದಾಸ್ತಾನು ಎಷ್ಟಿತ್ತು? ಚಿಕಿತ್ಸೆ ಪಡೆದವರು ಯಾರು ಯಾರು?

ದಾಸ್ತಾನು ಪುಸ್ತಕದ ನಕಲು ತೆಗೆಸುವುದು ಕಷ್ಟವಾಗಲಿಲ್ಲ. ರೋಗಿಗಳ ಹೆಸರು ಕೊಡಲಾಗದು, ಅದು ವೈಯಕ್ತಿಕ ಮಾಹಿತಿ. 8(1)(ಜೆ) ಕಲಮನ್ನು ತೋರಿಸಿ ಸಂಖ್ಯೆಯನ್ನಷ್ಟೇ ಕೊಟ್ಟೆ. ಮೊದಲನೆಯದಕ್ಕೆ ‘ಲಭ್ಯವಿಲ್ಲ’ ಎಂದು ಬರೆದೆ. ಕಾನೂನಿನ ಪ್ರಕಾರ ಅದರಲ್ಲಿ ತಪ್ಪಿಲ್ಲ. ಇಲ್ಲದ ಕಾಗದವನ್ನು ಹೊಸದಾಗಿ ಹುಟ್ಟಿಸಿ ಕೊಡಬೇಕೆಂದು ಅಧಿನಿಯಮ ಹೇಳುವುದಿಲ್ಲ. ಆದರೆ ರುಜು ಹಾಕುವಾಗ ಕೈ ತಡೆಯಿತು, ಏಕೆಂದರೆ ಅರ್ಜಿದಾರರು ಯಾರೆಂದು ನನಗೆ ಗೊತ್ತಿತ್ತು.

ಎರಡು ತಿಂಗಳ ಹಿಂದೆ ರಾತ್ರಿ ಅವರು ತಮ್ಮ ತಂದೆಯನ್ನು ಬೈಕಿನ ನಡುವೆ ಕೂರಿಸಿಕೊಂಡು ಬಂದಿದ್ದರು. ಕಚ್ಚಿದ್ದು ಮಂಡಲದ ಹಾವು. ನಮ್ಮ ಕಡೆಯವರು ತೆಲುಗಿನಲ್ಲಿ ರಕ್ತಪಿಂಜರ ಎನ್ನುತ್ತಾರೆ. ಫ್ರಿಜ್ಜಿನಲ್ಲಿ ಪ್ರತಿವಿಷ ಇತ್ತು. ಡಾಕ್ಟರ್ ಇಲ್ಲದೆ ಶುರು ಮಾಡಬಹುದೇ ಎಂಬುದು ಪಾಳಿಯಲ್ಲಿದ್ದ ಶುಶ್ರೂಷಾಧಿಕಾರಿಗೆ ಗೊತ್ತಿರಲಿಲ್ಲ. ನಾನು ಹೇಳಿಯೂ ಇರಲಿಲ್ಲ, ಬರೆದೂ ಇಟ್ಟಿರಲಿಲ್ಲ. ಅವರು ತಾಲ್ಲೂಕು ಆಸ್ಪತ್ರೆಗೆ ಕಳುಹಿಸಿಬಿಟ್ಟರು. ತಂದೆ ಬದುಕಿದರು, ನಮ್ಮಿಂದಲ್ಲ.

2005ರ ಅಧಿನಿಯಮದ 4(1)(ಬಿ) ಕಲಮಿನಡಿ ಯಾರೂ ಕೇಳದೆಯೇ ಪ್ರಕಟಿಸಬೇಕಾದ 17 ಅಂಶಗಳಿವೆ. ನಮ್ಮ ಕಡತದಲ್ಲಿಯೂ ಇದ್ದವು, ಬೇರೆ ಕೇಂದ್ರದ ಕಡತದಿಂದ ನಕಲು ಮಾಡಿದ್ದು. ಒಂದು ಪುಟದಲ್ಲಿ ಆ ಊರಿನ ಹೆಸರು ಹಾಗೆಯೇ ಉಳಿದಿತ್ತು! ಐದನೆಯ ಅಂಶ, ನೌಕರರು ಕೆಲಸಕ್ಕೆ ಬಳಸುವ ನಿಯಮ, ಸೂಚನೆ, ಕೈಪಿಡಿಗಳು. ಚಿಕಿತ್ಸೆಯ ಕ್ರಮ ಸೇರಬೇಕಾದದ್ದು ಅಲ್ಲಿಗೇ.

ಒಂದು ಭಾನುವಾರ ಕುಳಿತು ಬರೆದೆ. ಕಚ್ಚಿದ ಕಾಲನ್ನು ಬಿಗಿಯಾಗಿ ಕಟ್ಟಿದ್ದರೆ ಹುಷಾರಾಗಿ ಬಿಡಿಸುವುದು, ಗಾಯ ಕೊಯ್ಯದಿರುವುದು. ಒಣಗಿದ ಶುಭ್ರ ಗಾಜಿನ ನಳಿಕೆಯಲ್ಲಿ ಎರಡು ಮಿಲಿಲೀಟರ್ ರಕ್ತ ತೆಗೆದು 20 ನಿಮಿಷ ಅಲುಗಾಡಿಸದೆ ಇಡುವುದು. ಆಮೇಲೆ ಓರೆ ಮಾಡಿದಾಗ ಹೆಪ್ಪುಗಟ್ಟಿರದಿದ್ದರೆ ವಿಷ ಏರಿದೆ ಎಂದು ಅರ್ಥ. ಪ್ಲಾಸ್ಟಿಕ್ ನಳಿಕೆ ಕೂಡದು, ಅದರಲ್ಲಿ ಫಲಿತಾಂಶ ಮೋಸ ಮಾಡುತ್ತದೆ. ರೆಪ್ಪೆ ಜೋತುಬೀಳುತ್ತಿದ್ದರೆ ರಕ್ತ ಹೆಪ್ಪುಗಟ್ಟಿದರೂ ಕಾಯುವಂತಿಲ್ಲ, ನಾಗರಹಾವೋ ಕಟ್ಟುಹಾವೋ ಇರಬಹುದು. ದೂರವಾಣಿಯಲ್ಲಿ ನನ್ನ ಸೂಚನೆ ಪಡೆದು, ಪ್ರತಿವಿಷ ಮೈಗೆ ಒಗ್ಗದಿದ್ದರೆ ಕೊಡುವ ಅಡ್ರಿನಲಿನ್ ಕೈಗೆ ಸಿಗುವಂತೆ ಇಟ್ಟುಕೊಂಡು, ಪ್ರತಿವಿಷವನ್ನು ಹತ್ತು ಸೀಸೆಯಿಂದ ಆರಂಭಿಸುವುದು. ಮಕ್ಕಳಿಗೂ ಅಷ್ಟೇ: ಮಗು ಚಿಕ್ಕದೆಂದು ಹಾವು ವಿಷವನ್ನು ಕಡಿಮೆ ಬಿಡುವುದಿಲ್ಲ. ಈ ಸಾಲನ್ನು ಓದಿ ಸಿಬ್ಬಂದಿಯಲ್ಲೇ ಇಬ್ಬರು ಆಶ್ಚರ್ಯಪಟ್ಟರು.

ಗೋಡೆಗೆ ಇದರ ಸಂಕ್ಷೇಪ ಸಾಕಿತ್ತು. ಇಲ್ಲಿ ಮನೆಮಾತು ತೆಲುಗು, ಆದರೆ ಶಾಲೆ ಕನ್ನಡದ್ದು; ಮಾತನಾಡುವ ಭಾಷೆಯ ಲಿಪಿಯನ್ನೇ ಓದಲು ಬಾರದವರು ಬಹಳ. ಆದ್ದರಿಂದ ಕನ್ನಡದ ಕೆಳಗೆ ತೆಲುಗು ಮಾತನ್ನು ಕನ್ನಡ ಲಿಪಿಯಲ್ಲಿಯೇ ಬರೆಸಿದೆವು. ಫಲಕ ಬರೆದ ಪೇಂಟರ್ ನಗುತ್ತಲೇ ಬರೆದ.

ದಾಸ್ತಾನಿನ ವಿಷಯಕ್ಕೆ ಆರೋಗ್ಯ ರಕ್ಷಾ ಸಮಿತಿಯಲ್ಲಿ ಜಗಳವೇ ಆಯಿತು. ‘ಇಲ್ಲ ಎಂದು ಬರೆದರೆ ಜನ ಗಲಾಟೆಗೆ ಬರುತ್ತಾರೆ ಸರ್’ ಎಂದರು ಹಿರಿಯ ಸದಸ್ಯರೊಬ್ಬರು. ಬರೆಯದಿದ್ದರೆ ಬರುವುದಿಲ್ಲವೇ ಎಂದು ಕೇಳಿದೆ. ಬಣ್ಣದಲ್ಲಿ ಬರೆಸಿದ ಔಷಧಿಪಟ್ಟಿ ತಿಂಗಳೊಳಗೆ ಸುಳ್ಳಾಗುತ್ತದೆ, ಹಾಗಾಗಿ ಕರಿಹಲಗೆ ತೂಗುಹಾಕಿದೆವು. ದಿನವೂ ಬೆಳಿಗ್ಗೆ ಫಾರ್ಮಸಿ ಅಧಿಕಾರಿ ಸೀಮೆಸುಣ್ಣದಲ್ಲಿ ಎರಡೇ ಸಂಖ್ಯೆ ಬರೆಯಬೇಕು: ಹಾವಿನ ಪ್ರತಿವಿಷ ಇಷ್ಟು, ನಾಯಿಕಡಿತದ ಲಸಿಕೆ ಇಷ್ಟು. 2024ರಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದ ಮೇಲೆ ನಾವು ಲೆಕ್ಕವನ್ನೇನೋ ತಪ್ಪದೆ ಮೇಲಕ್ಕೆ ಕಳುಹಿಸುತ್ತಿದ್ದೆವು. ಊರಿನವರಿಗೆ ತೋರಿಸಿದ್ದು ಇದೇ ಮೊದಲು.

ಮುಂದೊಂದು ದಿನ ಲಸಿಕೆಯ ಮುಂದೆ ಸೊನ್ನೆ ಬಿತ್ತು. ತಪಾಸಣೆಗೆ ಬಂದವರೊಬ್ಬರು, ಅದನ್ನು ಮೊದಲು ಅಳಿಸಿ ಎಂದರು. ಅಳಿಸುತ್ತೇನೆ, ಲಸಿಕೆ ಬಂದ ಕೂಡಲೇ ಎಂದೆ. ಮುಖ ಗಂಟಿಕ್ಕಿದರು. ನಾಲ್ಕನೆಯ ದಿನ ಲಸಿಕೆ ಬಂತು. ಅದು ಸೊನ್ನೆಯ ಮಹಿಮೆಯೋ, ಮಾಮೂಲಿ ಸರದಿಯೋ, ಹೇಳಲಾರೆ. ಗಲಾಟೆ ಮಾತ್ರ ಆಗಲಿಲ್ಲ. ಹಲಗೆ ನೋಡಿದವರು ಸುಮ್ಮನೆ ಬಾಗೇಪಲ್ಲಿಯ ಬಸ್ ಹತ್ತಿದರು.

ಹಾವಿನ ಕ್ರಮದ ಪ್ರತಿಯನ್ನು ಅರ್ಜಿದಾರರಿಗೆ ನಾನೇ ಕರೆದು ಕೊಟ್ಟೆ. ಅವರು ನಿಂತಲ್ಲೇ ಪೂರ್ತಿ ಓದಿದರು. ಧನ್ಯವಾದ ಹೇಳಬಹುದೆಂದು ಒಳಗೊಳಗೇ ಕಾದಿದ್ದೆ. ಅವರು ತಲೆಯೆತ್ತಿ ಚಿಕಿತ್ಸಾ ಕೊಠಡಿಯ ಗೋಡೆ ನೋಡಿ, ‘ಸರ್, 20 ನಿಮಿಷ ಅಂತ ಬರೆದಿದ್ದೀರಿ. ನಿಮ್ಮ ಗಡಿಯಾರ ನಿಂತಿದೆಯಲ್ಲ?’ ಎಂದರು.

ಆ ತಿಂಗಳ ಖರ್ಚಿನ ಪಟ್ಟಿಯಲ್ಲಿ ಗಡಿಯಾರದ ಸೆಲ್ ಎಂದು ಒಂದು ಸಾಲು ಇದೆ.