ಮೊದಲು ಕೈ ಬೆಚ್ಚಗಾಗಲಿ

ನರಗಳಲ್ಲಿ ಸಂದೇಶ ಎಷ್ಟು ವೇಗವಾಗಿ ಓಡುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಆಸ್ಪತ್ರೆಯಲ್ಲಿ ಒಂದು ಸಣ್ಣ ಎಸಿ ಕೋಣೆ, ಒಂದು ಮಂಚ, ಒಂದು ಯಂತ್ರ. ಕೈಕಾಲು ಜೋಮು ಹಿಡಿಯುತ್ತದೆ ಎನ್ನುವವರೇ ಹೆಚ್ಚಾಗಿ ಬರುತ್ತಾರೆ.

ಕೆಲಸಕ್ಕೆ ಸೇರಿದ ಹೊಸತು. ಡಿಸೆಂಬರ್ ಬೆಳಗ್ಗೆ ಹೆಂಗಸೊಬ್ಬರು ಬಂದರು, ಬೆರಳು ಚುಮುಚುಮು ಎನ್ನುತ್ತದಂತೆ. "ಅಮ್ಮಾ, ಸ್ವಲ್ಪ ಜುಮ್ ಅನ್ಸುತ್ತೆ, ಹೆದರ್ಬೇಡಿ" ಎಂದು ಹೇಳಿ ಹೆಬ್ಬೆರಳ ಬುಡದ ಸ್ನಾಯುವಿನ ಮೇಲೆ ಎಲೆಕ್ಟ್ರೋಡ್ ಅಂಟಿಸಿದೆ. ಮಣಿಕಟ್ಟಿನಲ್ಲಿ ಸಣ್ಣ ವಿದ್ಯುತ್ ಪ್ರಚೋದನೆ ಕೊಟ್ಟಾಗ ಸ್ನಾಯುವಿನ ಅಲೆ 3.9 ಮಿಲಿಸೆಕೆಂಡಿಗೆ ಬಂತು, ಮೊಣಕೈ ಬಳಿ ಕೊಟ್ಟಾಗ 9.1ಕ್ಕೆ. ನಡುವಿನ ದೂರ 23 ಸೆಂಟಿಮೀಟರ್. ಭಾಗಿಸಿದರೆ ಸೆಕೆಂಡಿಗೆ 44 ಮೀಟರ್. ಈ ನರದಲ್ಲಿ 50ಕ್ಕಿಂತ ಹೆಚ್ಚು ಇರಬೇಕು. ನರ ನಿಧಾನವಾಗಿದೆ ಎಂದು ಬರೆದುಬಿಟ್ಟೆ.

ಒಂದೇ ಕಡೆ ಮುಟ್ಟಿ ಅಳೆದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಸಾಲದು. ನರದ ತುದಿ ಸ್ನಾಯುವಿಗೆ ಅಂಟಿಕೊಂಡಿಲ್ಲ, ನಡುವೆ ಕೂದಲೆಳೆಗಿಂತ ಎಷ್ಟೋ ಪಟ್ಟು ಕಿರಿದಾದ ಸಂದು ಇದೆ. ಅದನ್ನು ದಾಟಲು ಹಿಡಿಯುವ ಸಮಯವೂ ಮಣಿಕಟ್ಟಿನ 3.9ರಲ್ಲಿ ಸೇರಿರುತ್ತದೆ. ಎರಡು ಕಡೆ ಅಳೆದು ಕಳೆದರೆ ಆ ಸಮಯ ಹೊರಟುಹೋಗಿ ನರದ ಓಟವಷ್ಟೇ ಉಳಿಯುತ್ತದೆ. 1850ರ ಸುಮಾರಿಗೆ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಇದೇ ಕಳೆಯುವ ಲೆಕ್ಕ ಮಾಡಿ ಸೆಕೆಂಡಿಗೆ ಸುಮಾರು 27 ಮೀಟರ್ ಎಂದು ಕಂಡುಕೊಂಡಿದ್ದರು. ನನ್ನ ಯಂತ್ರದ ಒಳಗಿರುವುದೂ ಅದೇ ಲೆಕ್ಕ ಎಂದು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ನನ್ನ ವರದಿ ನೋಡಿದ ಹಿರಿಯ ಸಹೋದ್ಯೋಗಿ ವೇಗವನ್ನು ನೋಡಲೇ ಇಲ್ಲ. ಅಲೆಯ ಎತ್ತರಕ್ಕೆ ಬೆರಳಿಟ್ಟು, "ಇದು ಇಷ್ಟು ದಪ್ಪಗಿದೆಯಲ್ಲಮ್ಮ, ಅವರ ಕೈ ಮುಟ್ಟಿ ನೋಡಿದೆಯಾ?" ಎಂದರು. ಮುಟ್ಟಿದೆ, ಮಂಜಿನಂತಿತ್ತು. ಚರ್ಮದ ತಾಪ 27 ಡಿಗ್ರಿ ಇತ್ತು, ಕನಿಷ್ಠ 32 ಇರಬೇಕು.

ನರದಲ್ಲಿ ಓಡುವುದು ತಂತಿಯಲ್ಲಿ ಹರಿಯುವ ವಿದ್ಯುತ್ತಿನಂಥದ್ದಲ್ಲ. ಪೊರೆಯಲ್ಲಿರುವ ಸೋಡಿಯಂ ಬಾಗಿಲುಗಳು ಒಂದಾದ ಮೇಲೊಂದು ತೆರೆದು ಮುಚ್ಚಿಕೊಳ್ಳುತ್ತವೆ. ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಸುತ್ತಿದ ನರದಲ್ಲಿ ಈ ಬಾಗಿಲುಗಳು ಹೊದಿಕೆ ಬಿಟ್ಟ ಗಂಟುಗಳಲ್ಲೇ ಒತ್ತಾಗಿರುವುದರಿಂದ ಸಂದೇಶ ಗಂಟಿನಿಂದ ಗಂಟಿಗೆ ಹಾರುತ್ತದೆ. ಚಳಿಯಲ್ಲಿ ಬಾಗಿಲು ನಿಧಾನವಾಗಿ ತೆರೆಯುತ್ತದೆ, ಹಾಗಾಗಿ ಓಟ ತಡ. ಮುಚ್ಚುವುದು ಇನ್ನೂ ನಿಧಾನ, ಹಾಗಾಗಿ ಒಳಗೆ ನುಗ್ಗುವ ಸೋಡಿಯಂ ಹೆಚ್ಚು, ಅಲೆಯೂ ದೊಡ್ಡದು. ಮೈಲಿನ್ ಹಾಳಾಗಿದ್ದರೆ ಓಟ ತಡವಾಗುತ್ತದೆ, ಅಲೆ ಹೀಗೆ ಎತ್ತರವಾಗುವುದಿಲ್ಲ. ಕೈ ಕಾಯಿಸಿ ಮತ್ತೆ ಅಳೆದಾಗ 3.2 ಮತ್ತು 7.5 ಬಂತು, ಅಂದರೆ 53 ಮೀಟರ್. ಅವರ ನರ ಸರಿಯಾಗಿತ್ತು. ಡಾಕ್ಟರ್ ಆಮೇಲೆ ಕಾರಣವನ್ನು ಕುತ್ತಿಗೆಯ ಕಡೆ ಹುಡುಕಿದರು.

ಇಲ್ಲದ ರೋಗವನ್ನು ಚಳಿ ತೋರಿಸುತ್ತದೆ ಎಂದು ಅಂದು ಕಲಿತೆ. ಇರುವ ರೋಗವನ್ನು ಮುಚ್ಚಿಡುತ್ತದೆ ಎಂದು ತಿಳಿದದ್ದು ಎರಡು ವರ್ಷದ ನಂತರ.

ಸಂಜೆಯಾದರೆ ರೆಪ್ಪೆ ಜೋಲುತ್ತದೆ, ತಲೆ ಬಾಚಲು ಕೈ ಎತ್ತಿದರೆ ಸೋಲುತ್ತದೆ ಎಂದು ಒಬ್ಬರು ಬಂದರು. ಇವರಿಗೆ ನೋಡಬೇಕಾದದ್ದು ನರಕ್ಕೂ ಸ್ನಾಯುವಿಗೂ ನಡುವಿನ ಆ ಸಂದನ್ನೇ. ಸಂದೇಶ ತುದಿ ಮುಟ್ಟಿದಾಗ ಕ್ಯಾಲ್ಸಿಯಂ ಒಳನುಗ್ಗಿ, ಪುಟ್ಟ ಚೀಲಗಳಲ್ಲಿ ತುಂಬಿಟ್ಟ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಸಂದಿಗೆ ಚೆಲ್ಲುತ್ತದೆ. ಆಚೆ ಬದಿಯ ಗ್ರಾಹಕಗಳು ಅದನ್ನು ಹಿಡಿದಾಗ ಸ್ನಾಯು ಮಿಡಿಯುತ್ತದೆ. ಸೆಕೆಂಡಿಗೆ 3ರಂತೆ ಪ್ರಚೋದನೆ ಕೊಡುತ್ತಾ ಹೋದರೆ ತಯಾರಿರುವ ಚೀಲಗಳು ಕಡಿಮೆಯಾಗಿ ಪ್ರತಿ ಸಲ ಚೆಲ್ಲುವುದು ಇಳಿಯುತ್ತದೆ. ಆರೋಗ್ಯವಂತರಲ್ಲಿ ಇದು ಗೊತ್ತೇ ಆಗುವುದಿಲ್ಲ, ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಚೆಲ್ಲುತ್ತಿರುತ್ತದೆ. ಮಯಸ್ತೇನಿಯಾ ಗ್ರೇವಿಸ್ ಇದ್ದವರಲ್ಲಿ ದೇಹದ ಪ್ರತಿಕಾಯಗಳೇ ಗ್ರಾಹಕಗಳನ್ನು ಕೆಡಿಸಿರುತ್ತವೆ, ಹಾಗಾಗಿ ಅಲೆ ಕುಗ್ಗುತ್ತಾ ಹೋಗುತ್ತದೆ. ನಾಲ್ಕನೆಯ ಅಲೆ ಮೊದಲನೆಯದಕ್ಕಿಂತ ಶೇ. 10ಕ್ಕೂ ಹೆಚ್ಚು ಕುಗ್ಗಿದರೆ ಅನುಮಾನ ಗಟ್ಟಿ.

ಅವರಲ್ಲಿ ಶೇ. 4 ಮಾತ್ರ ಕುಗ್ಗಿತ್ತು. ಈ ಕುಗ್ಗುವಿಕೆಯನ್ನು ಮರೆಮಾಚಬಲ್ಲ ಮಾತ್ರೆಯನ್ನು ಡಾಕ್ಟರ್ ಹೇಳಿದಂತೆ ಹಿಂದಿನ ದಿನವೇ ನಿಲ್ಲಿಸಿದ್ದರು. ಹಾಗಾದರೆ ಏನು? ಕೈ ಮುಟ್ಟಿದೆ, ತಣ್ಣಗಿತ್ತು. ಚಳಿಯಲ್ಲಿ ಅಸಿಟೈಲ್‌ಕೋಲಿನ್ ಒಡೆಯುವ ಕಿಣ್ವ ಮಂದವಾಗುತ್ತದೆ, ಚೆಲ್ಲಿದ್ದು ಹೆಚ್ಚು ಹೊತ್ತು ಉಳಿದು ಕೊರತೆಯನ್ನು ತುಂಬಿಬಿಡುತ್ತದೆ. ಜೋತ ರೆಪ್ಪೆಯ ಮೇಲೆ ಐಸ್ ಇಟ್ಟರೆ ಅದು ಸ್ವಲ್ಪ ಹೊತ್ತು ಮೇಲೇಳುವುದೂ ಇದಕ್ಕೇ. ಕೈಯನ್ನು 34 ಡಿಗ್ರಿಗೆ ಕಾಯಿಸಿ ಮತ್ತೆ ಮಾಡಿದೆ. ಶೇ. 18.

ಈಗ ಎಲೆಕ್ಟ್ರೋಡ್ ಅಂಟಿಸುವ ಮೊದಲು ಕೈ ಹಿಡಿದು ನೋಡುತ್ತೇನೆ. ತಣ್ಣಗಿದ್ದರೆ ಬೆಚ್ಚನೆ ನೀರಿನ ಬೇಸಿನ್. ನೀರಿನ ಬಿಸಿಯನ್ನು ಮಾತ್ರ ಅವರನ್ನು ಕೇಳುವುದಿಲ್ಲ, ಜೋಮು ಹಿಡಿದ ಕೈಗೆ ಸುಟ್ಟರೂ ಗೊತ್ತಾಗದು. ನನ್ನ ಮೊಣಕೈ ಅದ್ದಿ ನೋಡಿಯೇ ಬೇಸಿನ್ ಮುಂದಿಡುತ್ತೇನೆ.